ನಾಲ್ಕು ಸ್ಪೀಕರ್, ಒಂದು ಜೋಗುಳ

ಕ್ಯಾಸೆಟ್ಟು ಹಾಕಿ ಒಮ್ಮೆ ಕೇಳಿ ನೋಡಲಿಲ್ಲ. ನನ್ನ ತಪ್ಪು ಇಷ್ಟೇ. ಬರೆದರೆ ಒಂದು ಸಾಲೂ ಪೂರ್ತಿ ತುಂಬುವುದಿಲ್ಲ. ಗುಂಡಿ ಒತ್ತಿ, ಕುಳಿತು, ಸ್ವಲ್ಪ ಹೊತ್ತು ಕಿವಿ ಕೊಡಬೇಕಾದ ಕೆಲಸ. ಕುರ್ಚಿ ಇತ್ತು, ಕಿವಿಗಳೂ ಇದ್ದವು. ಮಾಡಲಿಲ್ಲ. ಅದರಿಂದ ನಮ್ಮ ಅಕ್ಕನ ಮನೆಯಲ್ಲಿ ಏನೇನಾಯಿತು ಎಂದು ಹೇಳುವುದಕ್ಕೆ ಮಾತ್ರ ಇಷ್ಟು ಪುಟ ಬೇಕಾಗಿದೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಗದಗಿನ ಹತ್ತಿರದ ನಮ್ಮೂರಿನಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಏಳನೆಯದನ್ನು ಎರಡು ಸಲ ಓದಿದ್ದರಿಂದ ಎಂಟು ಎಂದು ಹಿಡಿದರೂ ನಡೆದೀತು. ಆಮೇಲೆ ಮುಂಬಯಿಗೆ ಬಂದು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಾಟಲಿಯ ಮುಚ್ಚಳ ಮಾಡುವ ಮೆಷಿನ್ನಿನ ಮುಂದೆ ನಿಂತೆ. ಅದು ಆಗಾಗ ಕೆಟ್ಟು ನಿಲ್ಲುತ್ತಿತ್ತು. ಬೆನ್ನಿಗೆ ಎರಡು ಗುದ್ದು ಕೊಟ್ಟರೆ ಮತ್ತೆ ನಡೆಯುತ್ತಿತ್ತು. ಗುದ್ದುವ ಅಧಿಕಾರ ನನ್ನದಾಗಿತ್ತು. ಹೀಗಾಗಿ ನಾನು ಹುಟ್ಟಾ ಇಂಜಿನಿಯರ್ ಎಂಬ ನಂಬಿಕೆ ನನ್ನೊಳಗೆ ಆಳವಾಗಿ ಬೇರುಬಿಟ್ಟಿತ್ತು.

ನನಗೆ ಮದುವೆಯಾಗಿರಲಿಲ್ಲ. ಇದ್ದದ್ದು ಕಾಂದಿವಲಿಯಲ್ಲೇ, ಅಕ್ಕ ನೀಲಕ್ಕನ ಮನೆಯಲ್ಲಿ. ಹಾಲು, ಬೆಡ್‌ರೂಮು, ಅಡುಗೆಮನೆ, ಒಬ್ಬರು ಅಡ್ಡ ನಿಂತರೆ ತುಂಬಿಹೋಗುವ ಬಾಲ್ಕನಿ. ಹಾಲಿನಲ್ಲಿ ಕೆಮ್ಮಿದರೆ ಅಡುಗೆಮನೆಯಿಂದ "ನೀರು ಕುಡಿ" ಎಂಬ ಉತ್ತರ ಬರುವಷ್ಟು ದೊಡ್ಡ ಮನೆ. ಆ ಮನೆಯ ತುಂಬ ಹಾಡು ಕೇಳಿಸಬೇಕು ಎಂದು ನಾಲ್ಕು ಸ್ಪೀಕರ್ ಹಾಕಲು ಹೊರಟವನು ನಾನು. ಇದರಿಂದಲೇ ನನ್ನ ಬುದ್ಧಿಯ ಅಳತೆ ಸಿಗುತ್ತದೆ.

ಇದಕ್ಕೆಲ್ಲ ಕಾರಣ ಒಂದು ಕೂಸು. ಅಕ್ಕನ ಮಗಳು ವಿಜಿ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸಾಯಿತು. ಅಂಧೇರಿಯಿಂದ ಬೀಗರು ಬಂದು, ನಮ್ಮಲ್ಲೇ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯವಾಯಿತು. ಆವಾಗ ಅಕ್ಕ ಒಂದು ಆಸೆ ಹೇಳಿದಳು.

ವಿಜಿ ಹುಟ್ಟಿದ ಕಾಲಕ್ಕೆ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಯಾವುದೋ ಹಡಗಿನ ಸಾಹೇಬನಿಂದ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಕೊಂಡು ತಂದಿದ್ದರು. ಭಾವ ಬಂದರಿನ ಡಾಕಿನಲ್ಲಿ ಗುಮಾಸ್ತರು. ಆ ಮೆಷಿನ್ನು ಸೂಟ್‌ಕೇಸಿನಂಥದು. ಮುಚ್ಚಳ ತೆಗೆದರೆ ಎರಡು ಚಕ್ರ, ಒಂದರಿಂದ ಬಿಚ್ಚಿಕೊಂಡು ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಬಣ್ಣದ ಪಟ್ಟಿ. ನಮ್ಮ ಅವ್ವ ಬಾಣಂತನಕ್ಕೆಂದು ಊರಿಂದ ಬಂದಿದ್ದಾಗ ವಿಜಿಯ ತೊಟ್ಟಿಲು ತೂಗುತ್ತ ಹಾಡಿದ ಜೋಗುಳವನ್ನು ಭಾವ ಅದರಲ್ಲಿ ಹಿಡಿದಿಟ್ಟಿದ್ದರು. ಅವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಅವಳ ಫೋಟೋ ಕೂಡ ಸರಿಯಾದದ್ದೊಂದಿಲ್ಲ. ದನಿ ಮಾತ್ರ ಆ ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ಇತ್ತು.

"ಬಸ್ಯಾ," ಅಂದಳು ಅಕ್ಕ, "ಅವ್ವನ ಜೋಗುಳಾ ಈ ಕೂಸಿನ ತೊಟ್ಟಲಾಗೂ ಕೇಳಬೇಕು ನೋಡು. ನನಗ ಎರಡ ಸಾಲ ಬರ್ತಾವ, ಮುಂದ ತಪ್ಪತೈತಿ. ಊರಾಗೂ ಅದನ್ನ ಬಲ್ಲವ್ರು ಯಾರೂ ಉಳಿದಿಲ್ಲ. ಆದ್ರ ಆ ಮೆಷಿನ್ನು ಈಗ ನಡಕೋತ ನಡಕೋತ ನಿಂದರತೈತಿ. ಮಂದಿ ಮುಂದ ನಿಂತ್ರ ಏನ ಮಾಡೂದು?"

"ಕ್ಯಾಸೆಟ್ಟಿಗೆ ಇಳಸ್ತೀನಿ," ಅಂದೆ.

"ನಿನಗ ಬರತೈತೇನು?"

"ಅಕ್ಕಾ, ನಾ ಏನ್ ಕೆಲಸಾ ಮಾಡ್ತೀನಿ ಹೇಳು?"

"ಮುಚ್ಚಳಾ ಮಾಡ್ತಿ."

"ಮೆಷಿನ್ನಿನ ಮ್ಯಾಲ ಮಾಡ್ತೀನಿ," ಅಂದೆ. ಅಷ್ಟು ಪುರಾವೆ ಸಾಕೆಂದು ನನಗನಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡ ಕೆಲಸಗಾರರಿಗೆ ಸಣ್ಣ ಕೆಲಸ ಹಿಡಿಸುವುದಿಲ್ಲ. ಬೀಗರು ಬಂದಾಗ ಕೆಲವರು ಹಾಲಿನಲ್ಲಿ ಕೂಡುತ್ತಾರೆ, ಕೆಲವರು ಬೆಡ್‌ರೂಮಿನಲ್ಲಿ, ಗಂಡಸರು ಬಾಲ್ಕನಿಯಲ್ಲಿ. ಅಕ್ಕನಂತೂ ಅಡುಗೆಮನೆ ಬಿಟ್ಟು ಬರುವವಳಲ್ಲ. ಎಲ್ಲರಿಗೂ ಅವ್ವನ ದನಿ ಏಕಕಾಲಕ್ಕೆ ಕೇಳಬೇಡವೇ? ಭಾವನ ಹತ್ತಿರ ಒಂದು ಟೂ-ಇನ್-ವನ್ ಇತ್ತು. ರೇಡಿಯೋನೂ ಹೌದು, ಕ್ಯಾಸೆಟ್ಟೂ ಹೌದು. ಅದಕ್ಕೆ ನಾಲ್ಕು ಸ್ಪೀಕರ್ ಜೋಡಿಸಿ ಮನೆಯ ಮೂಲೆ ಮೂಲೆಗೂ ಸಂಗೀತ ಹರಿಸುವ ಯೋಜನೆ ಸಿದ್ಧವಾಯಿತು.

ರೇಡಿಯೋ ಸಾಮಾನು ಸಿಗುವುದು ಗ್ರಾಂಟ್ ರೋಡ್ ಸ್ಟೇಷನ್ನಿನ ಆಚೆ. ಅಲ್ಲಿಯ ಅಂಗಡಿಯವ ನಾಲ್ಕು ಸ್ಪೀಕರ್ ಅಂದೊಡನೆ ಎದ್ದು ನಿಂತ.

"ಬಂಗ್ಲಾ ಕಹಾಂ ಹೈ, ಸೇಠ್?"

"ಬಂಗ್ಲಾ ನಹೀ. ಕಾಂದಿವಲಿ ಹೈ," ಅಂದೆ.

ಅವನು ಕೂತುಕೊಂಡ. ಆಮೇಲೆ, ಯಾವ ವಾಯರು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗಬೇಕಾದರೆ ಬೇರೆ ಬೇರೆ ಬಣ್ಣದ್ದು ತೆಗೆದುಕೋ ಎಂದು ಹಿಂದಿಯಲ್ಲಿ ವಿವರವಾಗಿ ಹೇಳಿದ. ಹಾಡು ಒಳಗೆ ಹೋಗುವ ತೂತು ಬೇರೆ, ಹೊರಗೆ ಬರುವ ತೂತು ಬೇರೆ, ನೋಡಲು ಎರಡೂ ಒಂದೇ ಥರ ಇರುತ್ತವೆ, ಜೋಪಾನ ಎಂದೂ ಹೇಳಿದ. ಅರ್ಧ ತಿಳಿಯಿತು. ತಿಳಿದ ಅರ್ಧವನ್ನು ನಾನು ಪಾಲಿಸಲಿಲ್ಲ. ಅಕ್ಕನ ಮನೆಯ ಗೋಡೆ ತಿಳಿಹಳದಿ. ಕೆಂಪು, ಕಪ್ಪು, ನೀಲಿ ವಾಯರು ಹಾಕಿದರೆ ಬೀಗರ ಕಣ್ಣಿಗೆ ಹೇಗೆ ಕಂಡೀತು? ಇಡೀ ಸುರುಳಿ ಹಳದಿಯದನ್ನೇ ತಂದೆ.

ಮುಂದಿನ ಕೆಲವು ದಿನ ಡ್ಯೂಟಿಯಿಂದ ಬಂದವನೇ ಸುತ್ತಿಗೆ ಹಿಡಿದು ಸ್ಟೂಲಿನ ಮೇಲೆ ಹತ್ತುತ್ತಿದ್ದೆ. ವಾಯರುಗಳು ಹಾಲಿನ ಒಂದು ಮೂಲೆಯಿಂದ ಹೊರಟು ಗೋಡೆಗುಂಟ ಎಲ್ಲ ಕೋಣೆಗಳಿಗೂ ಹರಿದವು. ನಡುವೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಗುಲಾಬಿಯಕ್ಕ, ಉಡುಪಿ ಕಡೆಯವರು, ಕೈಯಲ್ಲಿ ಕ್ಯಾಲೆಂಡರ್ ಹಿಡಿದು ನಿಂತಿದ್ದರು.

"ಬಸವರಾಜಣ್ಣ, ಇದೆಂತ ಮಾರಾಯ್ರೆ? ನಮ್ಮ ಸಂಕಷ್ಟಿಯ ದಿನದಿಂದ ನಿಮ್ಮ ಮೊಳೆ ಹೊರಗೆ ಬಂದದೆ."

ನೋಡಿದರೆ ನಿಜ. ನನ್ನ ಮೊಳೆ ಗೋಡೆ ದಾಟಿ ಅವರ ಕ್ಯಾಲೆಂಡರಿನ ಸರಿಯಾಗಿ ಸಂಕಷ್ಟಿಯ ಮೇಲೆ ಉದ್ಭವಿಸಿತ್ತು. "ಗೋಡೆ ತೆಳ್ಳಗದ," ಅಂದೆ. "ಗೋಡೆಯನ್ನು ನೀವು ದಪ್ಪ ಮಾಡ್ಲಿಕ್ಕೆ ಹೋಗ್ಬೇಡಿ ಮತ್ತೆ," ಅಂದರು ಅವರು.

ಅಕ್ಕ ಇದನ್ನೆಲ್ಲ ಸಹಿಸಿದಳು. ಹಾಲಿನಲ್ಲಿ ಅಡ್ಡ ಇಳಿಬಿದ್ದ ವಾಯರಿನ ಮೇಲೆ ಕೂಸಿನ ಲಂಗೋಟಿ ಒಣಹಾಕಿದಳು. ನನ್ನ ಯೋಜನೆಯಿಂದ ಆ ಮನೆಗೆ ಆದ ಒಂದೇ ನಿಜವಾದ ಉಪಯೋಗ ಅದು.

ರವಿವಾರ ಬೆಳಿಗ್ಗೆ ಧ್ವನಿಮುದ್ರಣದ ಮುಹೂರ್ತ. ನಾನು ಮನೆಯಲ್ಲಿ ಕರ್ಫ್ಯೂ ಜಾರಿಗೆ ತಂದೆ. ಭಾವನನ್ನು ಪೇಪರ್ ತರಲು ಕೆಳಗೆ ಕಳಿಸಿದೆ. ಅವರು ಆಗಲೇ ಪೇಪರ್ ತಂದು ಓದಿಯೂ ಆಗಿತ್ತು. "ಮತ್ತೊಂದು ತರ್ರಿ," ಅಂದೆ. ವಿಜಿ ಕೂಸನ್ನು ಎತ್ತಿಕೊಂಡು ಬೆಡ್‌ರೂಮಿಗೆ ಹೋಗುತ್ತ, "ಬಸು ಮಾಮಾ, ಇದು ರೋಯೀತು ತೋ ನನ್ನ ಫಾಲ್ಟ್ ನಹೀ," ಅಂದಳು. ಮುಂಬಯಿಯಲ್ಲೇ ಬೆಳೆದ ಅವಳ ಕನ್ನಡ ಹಾಗೆ, ಎಲ್ಲ ಸ್ಟೇಷನ್ನಿನವರೂ ಹತ್ತಿದ ಡಬ್ಬಿಯಂತೆ. ಅಕ್ಕ ಮತ್ತು ಗುಲಾಬಿಯಕ್ಕ ಬೀಗರಿಗಾಗಿ ಶಂಕರಪಾಳಿ ಕರಿಯುತ್ತಿದ್ದರು. ಅಡುಗೆಮನೆಯ ಬಾಗಿಲು ಹಾಕಿ, ಹೊರಗಿನಿಂದ ಚಿಲಕ ಏರಿಸಿದೆ.

"ಏನೂ ಮಾತಾಡಬ್ಯಾಡ್ರಿ," ಎಂದು ಹೊರಗಿನಿಂದ ಆಜ್ಞೆ ಮಾಡಿದೆ.

"ಉಸಿರು ಬಿಡಬಹುದಾ?" ಎಂದಿತು ಒಳಗಿನಿಂದ ಗುಲಾಬಿಯಕ್ಕನ ದನಿ.

ಹಾಲಿನ ಮೂಲೆಯಲ್ಲಿ ಹಳದಿ ವಾಯರುಗಳ ಒಂದು ಕಟ್ಟು ಇಳಿದಿತ್ತು. ಅದರಲ್ಲಿ ಒಂದು ಸ್ಪೂಲ್ ಮೆಷಿನ್ನಿನದು. ಅದು ಟೂ-ಇನ್-ವನ್ನಿನ ಒಳಗೆ ಹೋಗುವ ತೂತಿಗೆ ಸೇರಬೇಕು. ಉಳಿದವು ಸ್ಪೀಕರುಗಳವು. ಕಟ್ಟಿನಿಂದ ಒಂದನ್ನು ಆರಿಸಿದೆ. ಎಷ್ಟು ಆತ್ಮವಿಶ್ವಾಸದಿಂದ ಆರಿಸಿದೆ ಎಂದರೆ ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ತುರುಕಿದೆ. ಕೆಂಪು ದೀಪ ಹತ್ತಿತು. ಸ್ಪೂಲು ತಿರುಗಿತು.

ಮೆಷಿನ್ನಿನ ಸ್ವಂತ ಸ್ಪೀಕರಿನಿಂದ ಅವ್ವನ ದನಿ ಬಂತು. ಮೊದಲು ಒಂದು ಕೆಮ್ಮು, ತೊಟ್ಟಿಲ ಹಗ್ಗದ ಕಿರ್ರೆನ್ನುವ ಸದ್ದು, ಆಮೇಲೆ ಹಾಡು. ನಾನು ಎರಡು ಸಾಲು ನಿಂತು ಕೇಳಿದೆ. ದನಿ ಕೇಳುತ್ತಿದೆ, ದೀಪ ಹತ್ತಿದೆ, ಚಕ್ರ ತಿರುಗುತ್ತಿದೆ. ಇನ್ನೇನು ಬೇಕು? ಬಾಲ್ಕನಿಯ ಸ್ಪೀಕರಿನ ಒಂದು ಮೊಳೆ ಬಾಕಿಯಿತ್ತು. ಹೋಗಿ ಅದನ್ನು ಸದ್ದಾಗದಂತೆ ಕೈಯಿಂದ ಒತ್ತುತ್ತ ನಿಂತೆ. ಅವ್ವ ಒಳಗೆ ಹಾಡುತ್ತಲೇ ಇದ್ದಳು. ಅದೇ ಅವಳ ಕೊನೆಯ ಹಾಡು ಎಂದು ನನಗೇನು ಗೊತ್ತು?

ಕ್ಯಾಸೆಟ್ಟು ತುಂಬಿದ ಮೇಲೆ ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಚಾಕುವಿನಿಂದ ಮುರಿದೆ. ಹಾಗೆ ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾರೂ ಏನನ್ನೂ ತುಂಬಲು ಬರುವುದಿಲ್ಲ. ಒಳಗಿದ್ದದ್ದನ್ನು ಹೀಗೆ ಶಾಶ್ವತವಾಗಿ ಭದ್ರಪಡಿಸಿ ಚಿಲಕ ತೆಗೆದೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ಬಂತೇನೋ?"

"ಬಂತು."

"ಹಾಕಿ ಕೇಳಿದೀ?"

ಇಲ್ಲಿ ನಾನು ನಿಲ್ಲಬೇಕಿತ್ತು. ಇಲ್ಲ, ಈಗ ಕೇಳೋಣ ಎನ್ನಬೇಕಿತ್ತು. ಆದರೆ ಇಂಜಿನಿಯರನನ್ನು ಹಾಗೆ ಕೇಳಿದರೆ ಅವಮಾನವಾಗುವುದಿಲ್ಲವೇ? "ಕೇಳೇನಿ," ಅಂದೆ. "ಅವ್ವ ಬಾಜೂಕ ಕುಂತು ಹಾಡಿದಂಗ ಐತಿ."

ಅಕ್ಕ ಕ್ಯಾಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅರಿಸಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ತೊಟ್ಟಿಲಿನ ದಿನವೇ ತೆಗೆಯುವುದು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದಳು. ನನಗೆ ಬಹಳ ಅನುಕೂಲವಾಯಿತು.

ಸಂಜೆ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು ಹಾಕಿ ಸ್ಪೀಕರುಗಳನ್ನು ಪರೀಕ್ಷಿಸಿದೆ. ಹಾಲು ಹಾಡಿತು, ಬೆಡ್‌ರೂಮು ಹಾಡಿತು, ಬಾಲ್ಕನಿ ಕೂಗಿತು. ಅಡುಗೆಮನೆ ಮೂಕವಾಗಿತ್ತು. ಹುಡುಕಿದರೆ ಅದರ ವಾಯರು ಒಳಗೆ ಹೋಗುವ ತೂತಿನಲ್ಲಿ ಕೂತಿದೆ! ಕಿತ್ತು ಹೊರಗಿನ ತೂತಿಗೆ ಹಾಕಿದೆ. ಹಾಡಿತು. ಎಷ್ಟು ಬೇಗ ದೋಷ ಕಂಡುಹಿಡಿದೆ ಎಂದು ಹೆಮ್ಮೆಪಟ್ಟೆ. ಬೆಳಿಗ್ಗೆಯೆಲ್ಲ ಆ ವಾಯರು ಅಲ್ಲಿ ಕೂತು ಏನು ಮಾಡುತ್ತಿತ್ತು ಎಂಬ ಪ್ರಶ್ನೆ ನನ್ನ ತಲೆಯ ಹತ್ತಿರ ಕೂಡ ಸುಳಿಯಲಿಲ್ಲ.

ಮರುದಿನ ಅಕ್ಕ, "ತೊಟ್ಟಲಾ ಇಡಾಕ ಜಾಗಾ ಇಲ್ಲೋ," ಎಂದು ಹಾಲಿನ ಮಧ್ಯೆ ನಿಂತು ಚಿಂತೆ ಮಾಡಿದಳು. ಎರವಲು ತಂದ ತೊಟ್ಟಿಲು ನಮ್ಮ ಹಾಲಿನಷ್ಟೇ ಇತ್ತು. ಮಂಚವನ್ನು ಬೆಡ್‌ರೂಮಿಗೆ ಸೇರಿಸಬೇಕು, ಅದರ ಕೆಳಗಿನ ಸಾಮಾನು ಖಾಲಿಯಾಗಬೇಕು. ಕೆಳಗೆ ಇದ್ದದ್ದೇನು? ಸ್ಪೂಲ್ ಮೆಷಿನ್ನು. ಅದರೊಳಗಿನದೆಲ್ಲ ಕ್ಯಾಸೆಟ್ಟಿಗೆ ಬಂದ ಮೇಲೆ ಅದಕ್ಕೇನು ಬೆಲೆ? ಸೌತೆಕಾಯಿ ಸುಲಿದ ಮೇಲೆ ಸಿಪ್ಪೆ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಬಿಲ್ಡಿಂಗಿನ ಕೆಳಗೆ ಹಳೆ ಸಾಮಾನು ಕೊಳ್ಳುವ ಭಂಗಾರವಾಲಾ ಕೂಗುತ್ತಿದ್ದ. ಮೆಷಿನ್ನು, ಸ್ಪೂಲುಗಳು, ಎಲ್ಲವನ್ನೂ ಅವನ ತಕ್ಕಡಿಗೆ ಹಾಕಿದೆ. ಬಂದದ್ದರಲ್ಲಿ ಎಲ್ಲರಿಗೂ ಬಿಸಿ ಜಿಲೇಬಿ ತಂದೆ.

"ಮೆಷಿನ್ ಎಲ್ಲಿಟ್ಟಿ?" ಎಂದು ಕೇಳಿದಳು ಅಕ್ಕ, ಜಿಲೇಬಿ ಮುರಿಯುತ್ತ.

"ಅದರ ವ್ಯವಸ್ಥಾ ಮಾಡೇನಿ," ಅಂದೆ.

ಯಾರದಾದರೂ ಮನೆಯ ಮಾಳಿಗೆಯಲ್ಲಿ ಇಟ್ಟಿರಬೇಕು ಎಂದುಕೊಂಡಳು. "ಜಿಲೇಬಿ ಚಲೋ ಅದಾವ," ಎಂದು ಇನ್ನೊಂದು ತಿಂದಳು.

ತೊಟ್ಟಿಲಿನ ದಿನ ಬಂತು. ಅಂಧೇರಿಯಿಂದ ಬೀಗರ ಪರಿವಾರ ಇಳಿಯಿತು. ವಿಜಿಯ ಅತ್ತೆ ಲಲಿತಮ್ಮನವರು ಮೈಸೂರಿನವರು, ನಿಧಾನ, ಮೃದು. ಒಂದು ಮಾತು ಶುರುಮಾಡಿದರೆ ಅದರ ಅಜ್ಜ ಮುತ್ತಜ್ಜರನ್ನೆಲ್ಲ ಪರಿಚಯಿಸಿ ಮುಗಿಸುವವರು. ಅವರ ಯಜಮಾನರು ಬ್ಯಾಂಕಿನವರು, ಮಾತಿಲ್ಲ. ಮಾತಾಡಲು ಅವಕಾಶ ಸಿಕ್ಕಿಲ್ಲದಿರಬಹುದು.

ಹಾಲಿನ ತುಂಬ ಹೆಂಗಸರು ತೊಟ್ಟಿಲ ಸುತ್ತ ಕೂತರು. ಟೂ-ಇನ್-ವನ್ನನ್ನು ನಾನು ಕಪಾಟಿನ ಮೇಲೆ ಏರಿಸಿ, ಸೇವಂತಿಗೆ ಹಾರ ಹಾಕಿದ್ದೆ. ಅಕ್ಕ ಆ ದಿನ ಇಳಕಲ್ಲ ಸೀರೆ ಉಟ್ಟಿದ್ದಳು. ದೇವರ ಗೂಡಿನಿಂದ ಕ್ಯಾಸೆಟ್ಟು ತಂದು ನನ್ನ ಕೈಗೆ ಕೊಟ್ಟಳು. ಆ ದಿನ ಮಾತ್ರ ಅವಳು ಅಡುಗೆಮನೆ ಬಿಟ್ಟು ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ನಾನು ಕ್ಯಾಸೆಟ್ಟು ಹಾಕಿ, ಗುಂಡಿ ಒತ್ತಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಎದುರಿನ ಮೂಲೆಗೆ ಹೋಗಿ ಕೈಕಟ್ಟಿ ನಿಂತೆ. "ನಮ್ಮ ತಾಯಿಯವರ ದನಿ," ಎಂದು ಪ್ರಕಟಿಸಿದೆ.

ನಾಲ್ಕೂ ಕಡೆಯಿಂದ ಸುಯ್ಯೆಂಬ ಸದ್ದು ಬಂತು. ಅಕ್ಕ ಕಣ್ಣು ಮುಚ್ಚಿದಳು.

ಆಮೇಲೆ ಕುಕ್ಕರ್ ಸೀಟಿ ಹೊಡೆಯಿತು.

ಎಲ್ಲರೂ ಅಡುಗೆಮನೆಯ ಕಡೆ ನೋಡಿದರು. ಒಲೆ ಆರಿತ್ತು. ಎರಡನೆಯ ಸೀಟಿ ಬಾಲ್ಕನಿಯಿಂದಲೂ ಕೇಳಿತು. ಬ್ಯಾಂಕಿನ ಯಜಮಾನರು ಆ ದಿನದ ಮೊದಲ ಮಾತು ಆಡಿದರು: "ಅಜ್ಜಿಯವರ ಕಾಲದಲ್ಲೇ ಕುಕ್ಕರ್ ಇತ್ತೇ?"

ಎಣ್ಣೆಯಲ್ಲಿ ಏನೋ ಬಿದ್ದು ಚುಂಯ್ ಎಂದಿತು. ನಂತರ, ಸ್ಪಷ್ಟವಾಗಿ, ಬಾಜೂಕ ಕುಂತು ಮಾತಾಡಿದಂತೆಯೇ, ನಮ್ಮ ಅಕ್ಕನ ದನಿ ಬಂತು.

"ಏನ್ ಹೇಳ್ಲಿ ಗುಲಾಬಿ, ಬೀಗತಿ ಮನ್ಯಾಗ ಸಾರಿಗೆ ಬೆಲ್ಲಾ ಹಾಕೂದ ನೋಡಬೇಕು ನೀ. ಉಂಡು ಕೈ ತೊಳದ್ರೂ ಬೊಟ್ಟಿಗೆ ಇರಿವಿ ಮುತ್ತತಾವ."

"ಆದ್ರೆ ಹೆಂಗಸು ಪಾಪ ಅಲ್ವಾ?" ಎಂದರು ಕ್ಯಾಸೆಟ್ಟಿನೊಳಗಿನ ಗುಲಾಬಿಯಕ್ಕ.

"ಪಾಪ ಖರೇ. ಆದ್ರ ಮಾತಿಗೆ ಕುಂತ್ರ ಬೊರಿವಲಿ ಸ್ಲೋ ಲೋಕಲ್. ಚರ್ಚ್‌ಗೇಟ್ ಬರೂತನಾ ಒಂದ ಸ್ಟೇಷನ್ನೂ ಬಿಡೂದಿಲ್ಲ."

ತೊಟ್ಟಿಲ ಹಗ್ಗ ಹಿಡಿದ ಅಕ್ಕನ ಕೈ ಹಾಗೇ ನಿಂತಿತು. ಲಲಿತಮ್ಮನವರು ಕೂಸನ್ನೇ ನೋಡುತ್ತಿದ್ದರು. ನನಗೂ ಟೂ-ಇನ್-ವನ್ನಿಗೂ ನಡುವೆ ಇಪ್ಪತ್ತೆಂಟು ಹೆಂಗಸರೋ ಮೂವತ್ತೋ, ದಾಟಲಾಗದ ರೇಷ್ಮೆ ಸೀರೆಗಳ ಸಮುದ್ರ. ನನ್ನ ಕೈಗೆ ಸಿಗುವಂತಿದ್ದದ್ದು ಮೂಲೆಯಲ್ಲಿ ಇಳಿಬಿದ್ದ ಹಳದಿ ವಾಯರುಗಳು ಮಾತ್ರ. ಒಂದನ್ನು ಜಗ್ಗಿದೆ. ಬೆಡ್‌ರೂಮು ಸುಮ್ಮನಾಯಿತು. ಇನ್ನೊಂದನ್ನು ಜಗ್ಗಿದೆ. ಅಡುಗೆಮನೆ ಸುಮ್ಮನಾಯಿತು. ಮೂರನೆಯದನ್ನು ಜಗ್ಗಿದಾಗ ಕೂಸಿನ ಲಂಗೋಟಿಗಳು ಬ್ಯಾಂಕಿನ ಯಜಮಾನರ ಮೇಲೆ ಉದುರಿದವು. ಹಾಲಿನ ಸ್ಪೀಕರೂ ನಿಂತಿತು. ಉಳಿದದ್ದು ಬಾಲ್ಕನಿ. ಅದು ಎಲ್ಲಕ್ಕಿಂತ ಜೋರು, ಇಡೀ ಬಿಲ್ಡಿಂಗಿಗೆ ಕೇಳಲೆಂದು ನಾನೇ ಹಾಕಿದ್ದು. ಅದರ ವಾಯರು ಮಾತ್ರ ಗೋಡೆಗೆ ಗಟ್ಟಿಯಾಗಿ ಕೂತಿತ್ತು. ಇಡೀ ಯೋಜನೆಯಲ್ಲಿ ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ಹೀಗಾಗಿ ಮುಂದಿನ ಮಾತು ಬಾಲ್ಕನಿಯಿಂದ ಬಂತು.

"ಬಸ್ಯಾನ ಸುದ್ದಿ ಕೇಳಬ್ಯಾಡ," ಅಂದಳು ಅಕ್ಕ, ಕ್ಯಾಸೆಟ್ಟಿನೊಳಗಿಂದ. "ಮುಟ್ಟಿದ್ದು ಮುರೀತಾನ. ಆದ್ರ ನೋಡು ಗುಲಾಬಿ, ಅವ್ವ ಸತ್ತಾಗ ಅಂವಾ ಸಣ್ಣಾಂವ. ಈಗ ಆಕಿ ದನಿ ಹೋಗಬಾರದಂತ ಎಷ್ಟು ಬಡದಾಡಾಕತ್ತಾನ. ಇಂಥಾ ತಮ್ಮ ಯಾರಿಗೆ ಸಿಗತಾನ?"

ಅಷ್ಟರಲ್ಲಿ ವಿಜಿ ಕಪಾಟಿನ ಹತ್ತಿರ ಎದ್ದು ಗುಂಡಿ ಒತ್ತಿ ನಿಲ್ಲಿಸಿದಳು. ಕೊನೆಗೆ ಲಲಿತಮ್ಮನವರೇ ಶುರುಮಾಡಿದರು.

"ಬೆಲ್ಲ ಜಾಸ್ತಿ ಅಂತ ಇವರೂ ದಿನಾ ಹೇಳ್ತಾರೆ, ನೀಲಮ್ಮ. ಅದು ಸರಿ. ಆದರೆ ಚರ್ಚ್‌ಗೇಟ್‌ವರೆಗೂ ಹೋಗೋದು ಅಂದಿರಲ್ಲ, ಅದು ಮಾತ್ರ ಒಪ್ಪಲ್ಲ. ನಾನು ಅಂಧೇರಿಲೇ ಇಳಿದುಬಿಡ್ತೀನಿ."

ಮೊದಲು ಗುಲಾಬಿಯಕ್ಕ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಕ್ಕ ಲಲಿತಮ್ಮನವರ ಎರಡೂ ಕೈ ಹಿಡಿದು, ನಗುತ್ತ, ನಾಚಿ ಮುಖ ಕೆಳಗೆ ಹಾಕಿದಳು. ಬದುಕಿದೆ ಅಂದುಕೊಂಡೆ. ಆಗ ಲಲಿತಮ್ಮನವರು ಅಂದರು, "ಹೋಗಲಿ ಬಿಡಿ. ಆ ಹಳೇ ಮೆಷಿನ್ನೇ ಹಾಕಿ. ಅಜ್ಜಿ ಹಾಡು ಕೇಳೇ ಹೋಗೋಣ."

"ಹೌದಲ್ಲ," ಎಂದಳು ಅಕ್ಕ, ಮುಖ ಅರಳಿಸಿ. "ಬಸ್ಯಾ, ಮೆಷಿನ್ ತಗೊಂಡ ಬಾ. ನಿಂತ್ರ ನಿಲ್ಲವಲ್ದ್ಯಾಕ."

ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

"ಎಲ್ಲಿಟ್ಟೀಯೋ?"

"ವ್ಯವಸ್ಥಾ ಮಾಡಿದ್ನಲ್ಲ..."

"ಏನ್ ವ್ಯವಸ್ಥಾ?"

"ಆವತ್ತು ಜಿಲೇಬಿ ತಿಂದಿವಲ್ಲ ಅಕ್ಕಾ," ಅಂದೆ.

ಅಕ್ಕ ಬುದ್ಧಿವಂತೆ. ಅಷ್ಟಕ್ಕೇ ತಿಳಿಯಿತು. ಬೈಯಲಿಲ್ಲ. ತಿರುಗಿ ತೊಟ್ಟಿಲ ಹಗ್ಗ ಹಿಡಿದಳು. ಅವ್ವನ ಜೋಗುಳದ ಎರಡು ಸಾಲು ತಾನೇ ಹಾಡಿದಳು. ಮೂರನೆಯ ಸಾಲಿಗೆ ಬಾಯಿ ತೆರೆದಳು, ಬರಲಿಲ್ಲ. ಮತ್ತೆ ಮೊದಲಿನಿಂದ ಹಾಡಿದಳು. ಅಲ್ಲೇ ನಿಂತಳು. ಲಲಿತಮ್ಮನವರು ಹಗ್ಗದ ಇನ್ನೊಂದು ತುದಿ ಹಿಡಿದು ತಮ್ಮ ಕಡೆಯ ಜೋಗುಳ ಎತ್ತಿಕೊಂಡರು. ಕೂಸು ಮಲಗಿತು. ಅದಕ್ಕೆ ಯಾವ ಅಜ್ಜಿಯ ಹಾಡಾದರೂ ನಡೆಯುತ್ತಿತ್ತು.

ಹೆಸರಿಡುವಾಗ ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು, ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಇದು ನಮ್ಮ ಕಡೆಯ ಪದ್ಧತಿ. ಆ ದಿನ ಭಾವ ಗುಂಪಿನಲ್ಲಿ ತೂರಿ ಬಂದು ಗುದ್ದಿದರು. ಬೆನ್ನು ನನ್ನದಾಗಿತ್ತು. ಮೆಷಿನ್ನುಗಳಿಗೆ ಗುದ್ದುವವನಿಗೆ ಗುದ್ದು ಹೇಗಿರುತ್ತದೆ ಎಂದು ಅಂದು ತಿಳಿಯಿತು.

ಅಂದಿನಿಂದ ಅಕ್ಕ ನನ್ನೊಡನೆ ಮಾತು ಬಿಟ್ಟಳು. ಊಟ ಬಿಡಿಸಲಿಲ್ಲ, ಡಬ್ಬಿ ತಪ್ಪಿಸಲಿಲ್ಲ. ಮಾತು ಮಾತ್ರ ಭಾವನ ಮೂಲಕ ಬರುತ್ತಿತ್ತು.

"ಅಂವಗ ಚಹಾ ಬೇಕೇನ ಕೇಳ್ರಿ."

"ಬೇಕೇನೋ?" ಎನ್ನುವರು ಭಾವ.

"ಬೇಕ್ರಿ."

"ಬೇಕಂತ," ಎನ್ನುವರು ಭಾವ, ಒಂದೇ ಟೇಬಲ್ಲಿನ ಇನ್ನೊಂದು ಬದಿಗೆ ತಿರುಗಿ. ಕೆಲವು ದಿನಗಳಾದ ಮೇಲೆ ಅವರಿಗೂ ಸಾಕಾಯಿತು. "ನಾ ಡಾಕಿನಾಗ ಮಾಡೂದೂ ಇದ, ಮನ್ಯಾಗ ಮಾಡೂದೂ ಇದ. ಅತ್ತಾಗಿಂದು ಇತ್ತಾಗ ದಾಟಸೂದು," ಎಂದು ಗೊಣಗಿದರು.

ನಾನು ಭಂಗಾರವಾಲಾನನ್ನು ಹುಡುಕಿದೆ. ಮೆಷಿನ್ನು ಬಿಚ್ಚಿ ತಾಮ್ರ ಬೇರೆ, ಕಬ್ಬಿಣ ಬೇರೆ ಆಗಿಹೋಗಿತ್ತು. "ಔರ್ ವೋ ಪಟ್ಟಿ?" ಎಂದೆ. ಪಟ್ಟಿಗೆ ಏನೂ ಬರುವುದಿಲ್ಲ, ರೈಲ್ವೆ ಲೈನಿನ ಪಕ್ಕ ತರಕಾರಿ ಬೆಳೆಯುವ ಭೈಯಾ ಕೇಳಿದ, ಸುಮ್ಮನೆ ಕೊಟ್ಟೆ ಎಂದ.

ಓಡಿದೆ. ಕಾಂದಿವಲಿ ದಾಟಿ ಮಾಲಾಡಿನ ಕಡೆಗೆ ಹೋಗುವ ಹಳಿಗಳ ಪಕ್ಕ ಪಾಲಕ್, ಮೂಲಂಗಿಯ ಮಡಿಗಳು. ಅವುಗಳ ಮೇಲೆ ಕೋಲಿನಿಂದ ಕೋಲಿಗೆ, ಉದ್ದಕ್ಕೂ ಅಡ್ಡಕ್ಕೂ, ಕಂದು ಪಟ್ಟಿ ಬಿಗಿದು ಕಟ್ಟಿತ್ತು. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗಾಳಿ ಬಂದಾಗ ಗುಂಯ್ಯೆನ್ನುತ್ತಿತ್ತು. ಗುಬ್ಬಿಗಳು ದೂರದ ತಂತಿಯ ಮೇಲೆ ಸಾಲಾಗಿ ಕೂತು, ಕೆಳಗಿಳಿಯಲು ಹೆದರುತ್ತಿದ್ದವು.

ಇದನ್ನು ಅಕ್ಕನಿಗೆ ಹೇಳುವ ಧೈರ್ಯ ಬರಲಿಲ್ಲ. ಭಾವನಿಗೆ ಹೇಳಿದೆ. ಅವರು ಈ ಒಂದು ಸುದ್ದಿಯನ್ನು ದಾಟಿಸಲು ಒಪ್ಪಲಿಲ್ಲ. "ನೀನ ಕರಕೊಂಡ ಹೋಗು," ಎಂದರು. ಆದರೂ ಪಾಲಕ್ ತರುವ ನೆಪ ಹೇಳಿ ಅಕ್ಕನನ್ನು ನನ್ನ ಜೊತೆ ಹೊರಡಿಸಿಕೊಟ್ಟರು. ದಾರಿಯುದ್ದಕ್ಕೂ ಅವಳು ಚೀಲ ಹಿಡಿದು ಎರಡು ಹೆಜ್ಜೆ ಮುಂದೆಯೇ ನಡೆದಳು.

ಮಡಿಯ ಹತ್ತಿರ ಬಂದಾಗ ಬೆರಳು ತೋರಿಸಿದೆ. ಅಕ್ಕ ಹೋಗಿ ಒಂದು ಪಟ್ಟಿಯನ್ನು ಮುಟ್ಟಿ ನೋಡಿದಳು. ಅಲ್ಲಲ್ಲಿ ಗಂಟು ಬಿದ್ದಿತ್ತು, ಮುದುಡಿತ್ತು, ಬಿಸಿಲಿಗೆ ಸುರುಟಿತ್ತು. ಇನ್ನು ಯಾವ ಮೆಷಿನ್ನಿಗೂ ಅದು ಹಾಡಿ ತೋರಿಸುವಂತಿರಲಿಲ್ಲ.

"ಬಢಿಯಾ ಚೀಜ್ ಹೈ, ಮಾತಾಜಿ," ಎಂದ ಭೈಯಾ, ನೀರು ಬಿಡುತ್ತ. "ಏಕ್ ಭೀ ಚಿಡಿಯಾ ನಹೀ ಆತೀ."

ಅಕ್ಕನ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿದಾಗ ನೋಡಿದರೆ ಕಣ್ಣಲ್ಲಿ ನೀರೂ ಇತ್ತು, ನಗೂನೂ ಇತ್ತು.

"ಅವ್ವ ಊರಾಗೂ ಜ್ವಾಳದ ಹೊಲದಾಗ ಹಕ್ಕಿ ಕಾಯತಿದ್ಲು," ಅಂದಳು, ಭೈಯಾನಿಗೋ ಪಾಲಕ್ಕಿಗೋ ಗೊತ್ತಿಲ್ಲ, ನನಗಂತೂ ಅಲ್ಲ. "ಆಕಿ ಕೂಗಿದ್ರ ಹಕ್ಕಿ ಇರ್ಲಿ, ಮಂದಿ ಸೈತ ಬದುವಿಗೆ ಬರ್ತಿದ್ದಿಲ್ಲ."

"ಬಿಚ್ಚಿಸ್ಲೇನ ಅಕ್ಕಾ? ಮನೀಗೆ ಒಯ್ಯೋಣು," ಅಂದೆ.

"ಬ್ಯಾಡ. ಅವ್ವ ಇಲ್ಲ್ಯರ ಕೆಲಸಾ ಮಾಡಾಕತ್ಯಾಳ. ಮನ್ಯಾಗ ಒಯ್ದು ಮಂಚದ ಕೆಳಗ ಇಡತಿ."

ಎಷ್ಟೋ ದಿನಗಳ ಮೇಲೆ ನೇರವಾಗಿ ನನಗೆ ಆಡಿದ ಮಾತು. ಅದರಿಂದ ಧೈರ್ಯ ಬಂತು. ಧೈರ್ಯ ಬಂದೊಡನೆ ನನ್ನ ಬಾಯಿಗೆ ಬಂದದ್ದೆಲ್ಲ ನೆಪ.

"ವಾಯರ್ ಎಲ್ಲಾ ಒಂದ ಬಣ್ಣದ್ದು ಇದ್ದವು ಅಕ್ಕಾ."

"ಹೂಂ."

"ಸ್ಪೀಕರ್‌ಗೂ ಕಿವಿ ಇರತಾವಂತ ಅಂಗಡ್ಯಾಂವ ಮೊದಲ ಹೇಳಲಿಲ್ಲ. ಒಳಗಿನ ತೂತಿಗೆ ಹಾಕಿದ್ರ ಅದ ಮೈಕ್ ಆಗತೈತಂತ."

"ಹೂಂ."

"ತೊಟ್ಟಲಕ್ಕ ಜಾಗಾ ಇಲ್ಲಂತ ನೀನ ಅಂದಿದ್ದಿ."

ಈ ಸಲ ಹೂಂ ಬರಲಿಲ್ಲ. ಅಕ್ಕ ಪಾಲಕ್ಕಿನ ಕಟ್ಟುಗಳನ್ನು ಒಂದೊಂದೇ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಳು. ಒಂದು ಫಾಸ್ಟ್ ಲೋಕಲ್ ಹಾದುಹೋಯಿತು. ಅದು ಹೋಗುವವರೆಗೆ ನಾನು ಇನ್ನೊಂದು ನೆಪ ಹುಡುಕಿದೆ. ಇಂಜಿನಿಯರನ ತಲೆಯಲ್ಲಿ ಸ್ಟಾಕು ಖಾಲಿಯಾಗಿತ್ತು. ಏಳನೆಯ ಇಯತ್ತೆಯಲ್ಲಿ ಮಾಸ್ತರರ ಮುಂದೆ ನಿಂತಂತೆ, ಕೈಯಲ್ಲಿ ಪಾಲಕ್ ಹಿಡಿದು ನಿಂತೆ.

"ಅಕ್ಕಾ," ಅಂದೆ, "ಕ್ಯಾಸೆಟ್ ಕೇಳೇನಿ ಅಂತ ನಿನಗ ಸುಳ್ಳ ಹೇಳಿದ್ನಿ. ಅವ್ವನ ಟೇಪ್ ನಿನಗ ಹೇಳದ ಮಾರಿದ್ನಿ. ತಪ್ಪ ನಂದ. ನನಗ ಮಾಫ ಮಾಡವಾ."